ಪ್ರಾಯಸ್ಥರ ಟಾನ್ಸಿಲ್: ತೆಗೆಯುವುದೋ, ಉಳಿಸುವುದೋ

ಅಮೆರಿಕನ್ ಚೈಲ್ಡ್ ಹೆಲ್ತ್ ಅಸೋಸಿಯೇಷನ್ ಎಂಬ ಸಂಸ್ಥೆಯು ೧೯೩೪ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳ ಒಂದು ಸಾವಿರ ಮಕ್ಕಳ ಗಂಟಲುಗಳ ವೃತ್ತಾಂತವಿದೆ. ಹನ್ನೊಂದು ವರ್ಷ ಪ್ರಾಯದ ಆ ಮಕ್ಕಳಲ್ಲಿ ೬೧೧ ಮಂದಿಯ ಟಾನ್ಸಿಲ್‌ಗಳನ್ನು ಆ ವೇಳೆಗಾಗಲೇ ಶಸ್ತ್ರಕ್ರಿಯೆಯಿಂದ ತೆಗೆದುಹಾಕಲಾಗಿತ್ತು. ಉಳಿದ ೩೮೯ ಮಕ್ಕಳನ್ನು ವೈದ್ಯರ ಒಂದು ತಂಡವು ಪರೀಕ್ಷಿಸಿ, ಅವರಲ್ಲಿ ೧೭೪ ಮಂದಿಗೆ ಶಸ್ತ್ರಕ್ರಿಯೆ ಅವಶ್ಯವೆಂದು ವಿಧಿಸಿತು. ಹಾಗೆ ಅವಶ್ಯವಿಲ್ಲವೆಂದು ಬಿಡಲ್ಪಟ್ಟ ೨೧೫ ಮಕ್ಕಳನ್ನು ಎರಡನೆಯ ತಂಡವೊಂದರ ಮುಂದೆ ನಿಲ್ಲಿಸಲಾಗಿ, ಆ ತಂಡವು ೯೯ ಮಂದಿಯನ್ನು ಆರಿಸಿತು. ಮತ್ತೂ ಉಳಿದ ೧೧೬ ಮಕ್ಕಳನ್ನು ಮೂರನೆಯ ತಂಡದವರು ನೋಡಿ ೫೧ ಮಂದಿಯನ್ನು ಪಟ್ಟಿಗೆ ಸೇರಿಸಿದರು. ಮೂರು ಪರೀಕ್ಷೆಗಳನ್ನೂ ದಾಟಿ ಟಾನ್ಸಿಲ್‌ಗಳನ್ನು ಉಳಿಸಿಕೊಳ್ಳಲು ಅರ್ಹರಾದವರು ಸಾವಿರದಲ್ಲಿ ೬೫ ಮಕ್ಕಳು ಮಾತ್ರ.

ಇಲ್ಲಿ ಮನಸ್ಸನ್ನು ಕಲಕುವುದು ಸಂಖ್ಯೆಗಳ ದೊಡ್ಡತನಕ್ಕಿಂತ ಹೆಚ್ಚಾಗಿ ಅವುಗಳ ಪ್ರಮಾಣದ ಏಕರೂಪತೆ. ಹಿಂದಿನ ತಂಡವು ಸ್ವಸ್ಥರೆಂದು ಬಿಟ್ಟ ಮಕ್ಕಳಲ್ಲಿಯೂ ಮುಂದಿನ ತಂಡವು ನೂರಕ್ಕೆ ನಲವತ್ತೈದರ ಆಸುಪಾಸಿನಲ್ಲಿ ದೋಷವನ್ನು ಕಂಡಿತೆಂದ ಮೇಲೆ, ಆ ಕಣ್ಣುಗಳು ಅಳೆಯುತ್ತಿದ್ದುದು ಮಗುವಿನ ಗಂಟಲಿನ ನಿಜಸ್ಥಿತಿಯನ್ನು ಎನ್ನುವುದಕ್ಕಿಂತ, ಇಷ್ಟು ಮಕ್ಕಳಲ್ಲಿ ಇಷ್ಟು ಮಂದಿಗೆ ಶಸ್ತ್ರಕ್ರಿಯೆ ಬೇಕಾಗಿಯೇ ಇರುತ್ತದೆಂದು ಮನಸ್ಸಿನಲ್ಲಿ ನೆಲೆಗೊಂಡಿದ್ದ ಒಂದು ರೂಢಿಯನ್ನು ಎನ್ನುವುದೇ ಸರಿಯಾದೀತು. ನಾಲ್ಕು ವರ್ಷಗಳ ತರುವಾಯ, ೧೯೩೮ರಲ್ಲಿ, ಇಂಗ್ಲೆಂಡಿನ ಅಲಿಸನ್ ಗ್ಲೋವರ್ ಎಂಬ ವೈದ್ಯರು ತಮ್ಮ ದೇಶದ ಶಾಲಾ ಮಕ್ಕಳ ಲೆಕ್ಕವನ್ನು ಮುಂದಿಟ್ಟು, ನೆರೆಹೊರೆಯ ಊರುಗಳ ನಡುವೆಯೇ ಈ ಶಸ್ತ್ರಕ್ರಿಯೆಯ ಪ್ರಮಾಣದಲ್ಲಿ ಹಲವು ಪಟ್ಟು ವ್ಯತ್ಯಾಸವಿರುವುದನ್ನೂ, ಆ ವ್ಯತ್ಯಾಸಕ್ಕೆ ಬಡತನವಾಗಲಿ ವಸತಿಯ ಇಕ್ಕಟ್ಟಾಗಲಿ ಹವೆಯಾಗಲಿ ಕಾರಣವಲ್ಲವೆಂಬುದನ್ನೂ ತೋರಿಸಿದರು. ಹಾರ್ನ್ಸಿ ಎಂಬ ಊರಿನಲ್ಲಿ ಶಾಲಾ ವೈದ್ಯಾಧಿಕಾರಿಯೊಬ್ಬರು ಬದಲಾದ ಮಾತ್ರಕ್ಕೆ ಶಸ್ತ್ರಕ್ರಿಯೆಗಳ ಸಂಖ್ಯೆ ಹಿಂದಿನದರ ಒಂದು ಸಣ್ಣ ಪಾಲಿಗೆ ಇಳಿದುಹೋಯಿತು. ಅಲ್ಲಿನ ಮಕ್ಕಳಿಗೆ ಅದರಿಂದ ಕೇಡೇನೂ ಒದಗಲಿಲ್ಲ.

ಆ ಕಾಲದ ವೈದ್ಯರನ್ನು ಹಳಿಯುವುದು ನ್ಯಾಯವಲ್ಲ. ದೇಹದ ಒಂದು ಮೂಲೆಯಲ್ಲಿ ಅಡಗಿದ ಸೋಂಕು ಕೀಲು, ಮೂತ್ರಪಿಂಡ, ಹೃದಯಗಳನ್ನು ದೂರದಿಂದಲೇ ಕೆಡಿಸುತ್ತದೆಂದು ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಮೊದಲಾದವರು ಪ್ರತಿಪಾದಿಸಿದ ವಾದವು ಆಗ ಪ್ರಬಲವಾಗಿತ್ತು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಕಣ್ಣಿಗೆ ಕಾಣುವ, ಕೈಗೆ ಎಟುಕುವ ಸೋಂಕಿನ ನೆಲೆಗಳಲ್ಲಿ ಟಾನ್ಸಿಲ್ ಮುಖ್ಯವಾದುದೊಂದಾಗಿತ್ತು. ಆದರೆ ಆ ಕಾಲವು ನಮಗೆ ಒಂದು ಪಾಠವನ್ನು ಬಿಟ್ಟುಹೋಗಿದೆ: ಬಾಯಿ ತೆರೆಯಿಸಿ, ನಾಲಗೆಯನ್ನು ಒತ್ತಿಹಿಡಿದು, ಒಂದು ಕ್ಷಣ ನೋಡಿದ ಮಾತ್ರದಿಂದ ಈ ಪ್ರಶ್ನೆಯು ತೀರ್ಮಾನವಾಗುವಂಥದಲ್ಲ. ಪ್ರಸ್ತುತ ಅಧ್ಯಾಯದ ವಿಷಯ ಮಕ್ಕಳಲ್ಲ, ಪ್ರಾಯಸ್ಥರು. ವರ್ಷಕ್ಕೆ ಹಲವು ಸಲ ಜ್ವರ ಬಂದು, ಉಗುಳು ನುಂಗುವುದೂ ಕಷ್ಟವಾಗಿ, ಕೆಲಸಕ್ಕೆ ರಜೆ ಹಾಕಿ ಮಲಗುವ ಇಪ್ಪತ್ತೈದು ಮೂವತ್ತು ವರ್ಷದ ವ್ಯಕ್ತಿಯು, ಇದನ್ನು ತೆಗೆಸಿಬಿಡಲೇ ಎಂದು ಕೇಳಿದಾಗ ಯಾವ ಆಧಾರದ ಮೇಲೆ ಉತ್ತರ ಹೇಳಬೇಕು?

ಮೊದಲು ಆ ಅವಯವದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಲೇಸು. ಕಿರುನಾಲಗೆಯ ಎರಡು ಪಕ್ಕಗಳಲ್ಲಿ, ಮಾಂಸದ ಎರಡೆರಡು ಕಮಾನುಗಳ ನಡುವೆ ಕುಳಿತಿರುವ ಈ ಜೋಡಿ ಗ್ರಂಥಿಗಳು ಒಂಟಿಯಲ್ಲ. ಮೂಗಿನ ಹಿಂಬದಿಯ ಅಡಿನಾಯ್ಡ್, ನಾಲಗೆಯ ಬುಡದ ಗ್ರಂಥಿ ಇವುಗಳೊಡನೆ ಕೂಡಿ ಗಂಟಲಿನ ದ್ವಾರದ ಸುತ್ತಲೂ ಒಂದು ವಲಯವನ್ನು ರಚಿಸಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ವಿವರಿಸಿದ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಾಲ್ಡಯರ್ ಅವರ ಹೆಸರನ್ನೇ ಆ ವಲಯವು ಇಂದಿಗೂ ಹೊತ್ತಿದೆ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ದೂರದ ಅಂಗಾಂಶಗಳಿಂದ ನಾಳಗಳ ಮೂಲಕ ದ್ರವವು ಹರಿದುಬಂದು ಸುದ್ದಿಯನ್ನು ತರುತ್ತದೆ. ಟಾನ್ಸಿಲ್‌ಗೆ ಅಂಥ ಒಳಬರುವ ನಾಳಗಳಿಲ್ಲ. ನುಂಗುವ ಅನ್ನ, ಎಳೆಯುವ ಉಸಿರು ಇವುಗಳಲ್ಲಿರುವ ಜೀವಾಣುಗಳನ್ನು ಅದು ತನ್ನ ಮೇಲ್ಮೈಯಿಂದಲೇ ನೇರವಾಗಿ ಗ್ರಹಿಸಬೇಕು. ಈ ಕಾರಣದಿಂದಲೇ ಆ ಮೇಲ್ಮೈಯು ಸಮತಟ್ಟಾಗಿರದೆ, ಒಂದೊಂದು ಟಾನ್ಸಿಲ್‌ನಲ್ಲಿಯೂ ಹತ್ತರಿಂದ ಮೂವತ್ತರವರೆಗೆ ಆಳವಾದ, ಕವಲೊಡೆದ ಬಿಲಗಳಾಗಿ ಒಳಗೆ ಇಳಿದಿದೆ. ಆ ಬಿಲಗಳ ಗೋಡೆಯ ಪೊರೆ ತೆಳುವಾಗಿ, ಜಾಲದಂತಿದ್ದು, ಹೊರಗಿನ ಪದಾರ್ಥವನ್ನು ಒಳಗಿನ ರಕ್ಷಕ ಕಣಗಳಿಗೆ ಒಪ್ಪಿಸುತ್ತದೆ. ಯಾವ ರಚನೆಯು ಅದರ ಶಕ್ತಿಯೋ ಅದೇ ಅದರ ದೌರ್ಬಲ್ಯವೂ ಹೌದು. ಬಿಲದ ಆಳದಲ್ಲಿ ಜೀವಾಣುಗಳು ಪೊರೆಗಟ್ಟಿ ನೆಲೆಸಿದರೆ, ಔಷಧಿಯು ಮೇಲಿನ ಸೋಂಕನ್ನು ಶಮನ ಮಾಡಿದರೂ ಮೂಲವು ಉಳಿದು, ಕೆಲವು ವಾರಗಳ ಬಳಿಕ ವ್ಯಾಧಿಯು ಮರುಕಳಿಸಬಹುದು.

ಈ ಗ್ರಂಥಿಗಳ ಕಾರ್ಯವು ಬಾಲ್ಯದಲ್ಲಿ, ವಿಶೇಷವಾಗಿ ನಾಲ್ಕರಿಂದ ಹತ್ತು ವರ್ಷದವರೆಗೆ, ಅತ್ಯಂತ ಚುರುಕಾಗಿರುತ್ತದೆ. ಪ್ರಾಯಕ್ಕೆ ಬಂದ ಮೇಲೆ ಕ್ರಮೇಣ ಕುಗ್ಗುತ್ತದೆ. ಆದುದರಿಂದ ಟಾನ್ಸಿಲ್ ತೆಗೆಸಿದರೆ ದೇಹದ ರೋಗನಿರೋಧಶಕ್ತಿಯೇ ಹೋಗಿಬಿಡುತ್ತದೆಂಬ ಭಯಕ್ಕೆ, ಮೂವತ್ತು ವರ್ಷದವನ ವಿಷಯದಲ್ಲಿ, ಹೆಚ್ಚಿನ ಆಧಾರವಿಲ್ಲ. ಮಕ್ಕಳ ವಿಷಯ ಬೇರೆ: ಪೋಲಿಯೋ ಸಾಂಕ್ರಾಮಿಕವಾಗಿದ್ದ ದಿನಗಳಲ್ಲಿ, ಹೊಸದಾಗಿ ಟಾನ್ಸಿಲ್ ತೆಗೆಸಿಕೊಂಡ ಮಕ್ಕಳಲ್ಲಿ ಆ ವ್ಯಾಧಿಯ ಅತಿ ಕ್ರೂರವಾದ ರೂಪವು ಹೆಚ್ಚಾಗಿ ಕಂಡುಬಂದುದರಿಂದ, ರೋಗದ ಋತುವಿನಲ್ಲಿ ಈ ಶಸ್ತ್ರಕ್ರಿಯೆಯನ್ನೇ ನಿಲ್ಲಿಸುತ್ತಿದ್ದರು.

ಇನ್ನು ವ್ಯಾಧಿಯ ವಿಚಾರ. ಗಂಟಲುನೋವೆಲ್ಲ ಟಾನ್ಸಿಲ್‌ನ ಉರಿಯೂತವಲ್ಲ. ಟಾನ್ಸಿಲ್‌ನ ಉರಿಯೂತವೆಲ್ಲ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಬಂದುದೂ ಅಲ್ಲ. ಪ್ರಾಯಸ್ಥರ ಗಂಟಲುನೋವಿನಲ್ಲಿ ಬಹುಪಾಲು ವೈರಸ್‌ಗಳಿಂದ ಬರತಕ್ಕದ್ದು; ನೆಗಡಿ, ಕೆಮ್ಮು, ಸ್ವರ ಒಡೆಯುವುದು ಅದರ ಜೊತೆಗಾರರು. ಟಾನ್ಸಿಲ್‌ನ ಮೇಲೆ ಕೀವಿನ ಬಿಳಿ ಚುಕ್ಕೆಗಳು, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟುಗಳು, ಜ್ವರ, ಕೆಮ್ಮಿನ ಅಭಾವ ಎಂಬ ನಾಲ್ಕು ಲಕ್ಷಣಗಳು ಕೂಡಿದರೆ ಸ್ಟ್ರೆಪ್ಟೊಕಾಕಸ್ ಇರುವ ಸಂಭವ ಹೆಚ್ಚೆಂದು ೧೯೮೧ರಲ್ಲಿ ಸೆಂಟರ್ ಎಂಬ ಅಮೆರಿಕದ ವೈದ್ಯರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ಈ ಭೇದವು ನಮ್ಮ ಪ್ರಶ್ನೆಗೆ ಪ್ರಾಣಸ್ವರೂಪವಾದುದು. ಏಕೆಂದರೆ ಟಾನ್ಸಿಲ್ ಹೋದರೂ ಗಂಟಲು ಉಳಿಯುತ್ತದೆ. ನೆಗಡಿಯೊಡನೆ ಬರುವ ಗಂಟಲುನೋವು ಶಸ್ತ್ರಕ್ರಿಯೆಯ ಮರುವರ್ಷವೂ ಬಂದೇ ಬರುತ್ತದೆ. ಫಿನ್ಲೆಂಡಿನ ಊಲು ನಗರದಲ್ಲಿ ಪದೇ ಪದೇ ಗಂಟಲುವ್ಯಾಧಿಗೆ ತುತ್ತಾಗುತ್ತಿದ್ದ ೮೬ ಪ್ರಾಯಸ್ಥರನ್ನು ಎರಡು ಗುಂಪು ಮಾಡಿ ನಡೆಸಿದ, ೨೦೧೩ರಲ್ಲಿ ಪ್ರಕಟವಾದ ಪ್ರಯೋಗವು ಇದನ್ನು ಸ್ಪಷ್ಟಪಡಿಸಿತು. ಐದು ತಿಂಗಳ ಅವಧಿಯಲ್ಲಿ, ಶಸ್ತ್ರಕ್ರಿಯೆಗೆ ಕಾಯುತ್ತಿದ್ದವರಲ್ಲಿ ನೂರಕ್ಕೆ ೪೩ ಮಂದಿ ಗಂಟಲಿಗಾಗಿ ವೈದ್ಯರ ಬಳಿಗೆ ಹೋದರೆ, ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಹೋದವರು ನೂರಕ್ಕೆ ೪ ಮಂದಿ. ಅಷ್ಟಾದರೂ, ಟಾನ್ಸಿಲ್ ಇಲ್ಲದ ಆ ಎರಡನೆಯ ಗುಂಪಿನಲ್ಲಿಯೂ ನೂರಕ್ಕೆ ೩೯ ಮಂದಿಗೆ ಒಮ್ಮೆಯಾದರೂ ಗಂಟಲುನೋವು ಬಂದಿತ್ತು. ಶಸ್ತ್ರಕ್ರಿಯೆಯಿಂದ ನಿರೀಕ್ಷಿಸಬೇಕಾದುದು ತೀವ್ರವಾದ ದಾಳಿಗಳ ಇಳಿತವನ್ನು. ನೋವೇ ಇಲ್ಲದ ಗಂಟಲನ್ನಲ್ಲ.

ಹಾಗಾದರೆ ಎಷ್ಟು ದಾಳಿಗಳಾದರೆ ಸಾಕು? ಇಂದು ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಳತೆಯು ಪಿಟ್ಸ್‌ಬರ್ಗ್ ನಗರದ ಮಕ್ಕಳ ವೈದ್ಯ ಜ್ಯಾಕ್ ಪ್ಯಾರಡೈಸ್ ಅವರು ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದುದು: ಕಳೆದ ಒಂದು ವರ್ಷದಲ್ಲಿ ಏಳು, ಅಥವಾ ಎರಡು ವರ್ಷಗಳ ಕಾಲ ವರ್ಷಕ್ಕೆ ಐದೈದು, ಅಥವಾ ಮೂರು ವರ್ಷಗಳ ಕಾಲ ವರ್ಷಕ್ಕೆ ಮೂರುಮೂರು ದಾಳಿಗಳು. ಒಂದೊಂದು ದಾಳಿಯಲ್ಲಿಯೂ ೧೦೧ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಜ್ವರವೋ, ಕುತ್ತಿಗೆಯಲ್ಲಿ ನೋಯುವ ಗಂಟುಗಳೋ, ಟಾನ್ಸಿಲ್‌ನ ಮೇಲೆ ಕೀವೋ, ಪರೀಕ್ಷೆಯಲ್ಲಿ ಸ್ಟ್ರೆಪ್ಟೊಕಾಕಸ್ಸೋ ಇರಬೇಕು. ಅದನ್ನು ವೈದ್ಯರು ಆಗಲೇ ಬರೆದಿಟ್ಟಿರಬೇಕು. ಸ್ಕಾಟ್ಲೆಂಡಿನ ಮಾರ್ಗಸೂಚಿಯು ಇದೇ ಸಂಖ್ಯೆಗಳನ್ನು ಪ್ರಾಯಸ್ಥರಿಗೂ ಅನ್ವಯಿಸಿ, ಆ ದಾಳಿಗಳು ದೈನಂದಿನ ಕೆಲಸವನ್ನು ಕೆಡಿಸುವಂಥವಾಗಿರಬೇಕೆಂಬ ನಿಬಂಧನೆಯನ್ನು ಸೇರಿಸಿತು.

ಬರೆದಿಟ್ಟಿರಬೇಕೆಂಬ ಈ ಷರತ್ತು ನಿಷ್ಠುರವೆಂದು ತೋರಬಹುದು. ಆದರೆ ಅದರ ಹಿಂದೆ ಮತ್ತೊಂದು ಅಧ್ಯಯನವಿದೆ. ಪದೇ ಪದೇ ಗಂಟಲುವ್ಯಾಧಿ ಬರುತ್ತದೆಂದು ತಂದೆತಾಯಿಗಳು ಹೇಳಿದರೂ ದಾಖಲೆಯಿಲ್ಲದ ೬೫ ಮಕ್ಕಳನ್ನು ಪ್ಯಾರಡೈಸ್ ಅವರ ತಂಡವು ಮುಂದಿನ ದಿನಗಳಲ್ಲಿ ಎಚ್ಚರದಿಂದ ಗಮನಿಸಿ, ಹೇಳಿದ ಪ್ರಮಾಣದಲ್ಲಿಯೂ ಹೇಳಿದ ಸ್ವರೂಪದಲ್ಲಿಯೂ ವ್ಯಾಧಿಯು ಮುಂದುವರಿದುದು ೧೧ ಮಕ್ಕಳಲ್ಲಿ ಮಾತ್ರವೆಂದು ೧೯೭೮ರಲ್ಲಿ ವರದಿ ಮಾಡಿತು. ಆ ತಂದೆತಾಯಿಗಳು ಸುಳ್ಳಾಡಿದರೆಂದು ಇದರ ಅರ್ಥವಲ್ಲ. ನೋವಿನ ನೆನಪು ಕಾಲವನ್ನು ಹಿಗ್ಗಿಸುವುದು ಒಂದು. ಅದಕ್ಕಿಂತ ಮುಖ್ಯವಾದುದು, ಮನುಷ್ಯರು ಶಸ್ತ್ರವೈದ್ಯರನ್ನು ಅರಸಿಕೊಂಡು ಹೋಗುವುದು ತಮ್ಮ ವ್ಯಾಧಿಯ ಅತ್ಯಂತ ಕೆಟ್ಟ ವರ್ಷದ ಕೊನೆಯಲ್ಲಿ. ಅತಿವೃಷ್ಟಿಯಾದ ವರ್ಷವೊಂದನ್ನೇ ನೋಡಿ ಮುಂದಿನ ಮಳೆಗಾಲವನ್ನು ಊಹಿಸುವ ರೈತನಂತೆ, ಆ ಕೆಟ್ಟ ವರ್ಷವನ್ನೇ ಅಳತೆಗೋಲಾಗಿ ಹಿಡಿದರೆ, ತಾನಾಗಿಯೇ ಆಗಬಹುದಾಗಿದ್ದ ಇಳಿತವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗುತ್ತೇವೆ. ೧೯೮೪ರ ಪ್ರಯೋಗದಲ್ಲಿಯೂ ಶಸ್ತ್ರಕ್ರಿಯೆಯಿಲ್ಲದೆ ಉಳಿದ ಮಕ್ಕಳಲ್ಲಿ ಅನೇಕರ ವ್ಯಾಧಿಯು ತಾನಾಗಿಯೇ ತಗ್ಗಿತು.

ಇಷ್ಟೆಲ್ಲವೂ ಮಕ್ಕಳ ಅನುಭವ. ಪ್ರಾಯಸ್ಥರಿಗೆ ಇದನ್ನು ಅನ್ವಯಿಸಬಹುದೇ ಎಂಬ ಸಂಶಯವು ದೀರ್ಘಕಾಲ ಉಳಿದೇ ಇತ್ತು. ಅದನ್ನು ಪರಿಹರಿಸಲೆಂದು ಬ್ರಿಟನ್ನಿನ ೨೭ ಆಸ್ಪತ್ರೆಗಳಲ್ಲಿ, ನ್ಯೂಕ್ಯಾಸಲ್‌ನ ಶಸ್ತ್ರವೈದ್ಯೆ ಜ್ಯಾನೆಟ್ ವಿಲ್ಸನ್ ಅವರ ನೇತೃತ್ವದಲ್ಲಿ, ನ್ಯಾಟಿನಾ ಎಂಬ ಹೆಸರಿನ ಪ್ರಯೋಗವು ನಡೆಯಿತು. ಫಲಿತಾಂಶವು ೨೦೨೩ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹದಿನಾರು ವರ್ಷವೋ ಅದಕ್ಕೂ ಹೆಚ್ಚೋ ಆದ, ಪ್ರಾಯದ ಮಧ್ಯಮಾಂಕ ೨೩ ಆಗಿದ್ದ ೪೫೩ ರೋಗಿಗಳನ್ನು, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ, ಬೇಗನೆ ಶಸ್ತ್ರಕ್ರಿಯೆ ಹೊಂದುವವರು, ಔಷಧೋಪಚಾರದಲ್ಲಿಯೇ ಮುಂದುವರಿಯುವವರು ಎಂದು ವಿಂಗಡಿಸಲಾಯಿತು. ಪ್ರತಿಯೊಬ್ಬರನ್ನೂ ವಾರ ವಾರವೂ ವಿಚಾರಿಸಿ, ಗಂಟಲು ನೊಂದ ದಿನಗಳೆಷ್ಟೆಂದು ಎರಡು ವರ್ಷಗಳ ಕಾಲ ಬರೆದುಕೊಂಡರು. ಲಕ್ಷಣಗಳ ಗೋಜಲನ್ನೆಲ್ಲ ಬದಿಗಿರಿಸಿ, ಮನುಷ್ಯನು ನೊಂದ ದಿನವನ್ನೇ ಮಾನವಾಗಿ ಹಿಡಿದ ಈ ಕ್ರಮವು ನನಗೆ ಬಹಳ ಮೆಚ್ಚುಗೆಯಾದುದು; ರೋಗಿಯು ವೈದ್ಯರನ್ನು ಕೇಳುವ ಪ್ರಶ್ನೆಯೂ ಅದೇ ತಾನೆ.

ಎರಡು ವರ್ಷಗಳಲ್ಲಿ ಗಂಟಲು ನೊಂದ ದಿನಗಳ ಮಧ್ಯಮಾಂಕವು ಶಸ್ತ್ರಕ್ರಿಯೆಯ ಗುಂಪಿನಲ್ಲಿ ೨೩, ಇನ್ನೊಂದರಲ್ಲಿ ೩೦. ಔಷಧೋಪಚಾರದ ಗುಂಪಿನವರಲ್ಲಿ ಕೆಲವರು ಅವಧಿಗೆ ಮುನ್ನವೇ ಶಸ್ತ್ರಕ್ರಿಯೆ ಮಾಡಿಸಿಕೊಂಡರೂ, ಎರಡು ಗುಂಪುಗಳ ಇತರ ಭೇದಗಳನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ, ಶಸ್ತ್ರಕ್ರಿಯೆಯಿಂದ ನೋವಿನ ದಿನಗಳು ಅರ್ಧದ ಸಮೀಪಕ್ಕೆ ಇಳಿದಂತೆ ಕಂಡಿತು. ಈ ಸಂಖ್ಯೆಗಳನ್ನು ಎರಡು ಬಗೆಯಾಗಿ ಓದಬಹುದು. ಎರಡು ಓದುಗಳೂ ಸತ್ಯವೇ. ಶಸ್ತ್ರಕ್ರಿಯೆಯು ನಿಶ್ಚಯವಾಗಿ ಫಲಕಾರಿಯೆಂಬುದು ಒಂದು. ವರ್ಷಕ್ಕೆ ಹಲವು ದಾಳಿಗಳನ್ನು ಅನುಭವಿಸಿ ಬಂದಿದ್ದ ರೋಗಿಗಳಲ್ಲಿ ಔಷಧೋಪಚಾರದ ಗುಂಪಿಗೆ ಸೇರಿದವರಿಗೂ, ಅರ್ಧದಷ್ಟು ಮಂದಿಗೆ, ಎರಡು ವರ್ಷಗಳಲ್ಲಿ ಬಂದ ನೋವು ಒಂದು ತಿಂಗಳನ್ನು ಮೀರಲಿಲ್ಲವೆಂಬುದು ಇನ್ನೊಂದು. ಆ ಗುಂಪಿನಲ್ಲಿಯೇ ಕಾಲುಭಾಗದ ಮಂದಿಗೆ ಅರುವತ್ತು ದಿನಗಳನ್ನೂ ಮೀರಿದ ನೋವು ಬಂದಿತ್ತು ಎಂಬುದನ್ನು ಇದರೊಡನೆ ನೆನೆಯಬೇಕು. ಸರಾಸರಿಯ ಮನುಷ್ಯನು ಎಲ್ಲಿಯೂ ಇಲ್ಲ. ತಾನು ಈ ಎರಡು ತುದಿಗಳಲ್ಲಿ ಯಾವುದರ ಹತ್ತಿರ ಇದ್ದೇನೆಂಬುದನ್ನು ರೋಗಿಯು ತನ್ನ ದಾಖಲೆಯಿಂದಲೇ ತಿಳಿಯಬೇಕು.

ಲಾಭವನ್ನು ತೂಗಿದ ಮೇಲೆ ಬೆಲೆಯನ್ನೂ ತೂಗಬೇಕು. ಮಕ್ಕಳಿಗಿಂತ ಪ್ರಾಯಸ್ಥರಿಗೆ ಈ ಶಸ್ತ್ರಕ್ರಿಯೆಯ ನೋವು ಹೆಚ್ಚು. ಹತ್ತರಿಂದ ಹದಿನಾಲ್ಕು ದಿನಗಳವರೆಗೆ ಇರುತ್ತದೆ. ಮೊದಲ ದಿನಗಳಿಗಿಂತ ನಾಲ್ಕೈದು ದಿನ ಕಳೆದ ಮೇಲೆ ಏರುವುದೂ ಉಂಟು. ಗಂಟಲಿನ ನರವೇ ಕಿವಿಗೂ ಶಾಖೆ ಕೊಡುವುದರಿಂದ ಕಿವಿಯೂ ನೋಯುತ್ತದೆ. ಗಾಯದ ಮೇಲೆ ಕಟ್ಟುವ ಬಿಳಿಯ ಪೊರೆಯನ್ನು ಕೀವೆಂದು ತಿಳಿದು ಗಾಬರಿಯಾಗಬೇಕಾದುದಿಲ್ಲ. ಆದರೆ ನಿಜವಾದ ಅಪಾಯವು ರಕ್ತಸ್ರಾವದ್ದು. ಶಸ್ತ್ರಕ್ರಿಯೆಯಾದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಬರುವುದು ಒಂದು ಬಗೆ. ಆಗ ರೋಗಿಯು ಸಾಮಾನ್ಯವಾಗಿ ವೈದ್ಯರ ಕಣ್ಣೆದುರಿನಲ್ಲಿಯೇ ಇರುತ್ತಾನೆ. ಐದರಿಂದ ಹತ್ತನೆಯ ದಿನದೊಳಗೆ, ಆ ಬಿಳಿಯ ಪೊರೆಯು ಕಳಚುವಾಗ ಬರುವುದು ಇನ್ನೊಂದು. ಆಗ ಅವನು ಮನೆಯಲ್ಲಿರುತ್ತಾನೆ. ಬ್ರಿಟನ್ನಿನಲ್ಲಿ ೨೦೦೩-೦೪ರಲ್ಲಿ ಸುಮಾರು ೩೪,೦೦೦ ರೋಗಿಗಳ ಲೆಕ್ಕವನ್ನು ಪರಿಶೀಲಿಸಿದಾಗ ನೂರಕ್ಕೆ ೩.೫ ಮಂದಿಗೆ ರಕ್ತಸ್ರಾವವಾಗಿದ್ದುದೂ, ಅದು ಮಕ್ಕಳಿಗಿಂತ ಪ್ರಾಯಸ್ಥರಲ್ಲಿ ಹೆಚ್ಚಾಗಿದ್ದುದೂ, ವಿದ್ಯುತ್ತಿನ ಶಾಖದಿಂದ ಕೊಯ್ಯುವ ವಿಧಾನಗಳಲ್ಲಿ ಇನ್ನೂ ಹೆಚ್ಚಿದ್ದುದೂ ಕಂಡುಬಂತು. ಪ್ರಾಯಸ್ಥರನ್ನೇ ಕುರಿತ ನ್ಯಾಟಿನಾ ಪ್ರಯೋಗದಲ್ಲಿಯಾದರೋ, ಶಸ್ತ್ರಕ್ರಿಯೆ ಹೊಂದಿದ ೨೩೧ ಮಂದಿಯಲ್ಲಿ ೪೪ ಮಂದಿಗೆ, ಎಂದರೆ ನೂರಕ್ಕೆ ೧೯ ಮಂದಿಗೆ, ಒಂದಲ್ಲ ಒಂದು ಪ್ರಮಾಣದ ರಕ್ತಸ್ರಾವವಾಯಿತು. ಅವರಲ್ಲಿ ಯಾರೂ ಸಾಯಲಿಲ್ಲ. ಆದರೆ ಐವರಲ್ಲಿ ಒಬ್ಬರ ಸಮೀಪಕ್ಕೆ ಬರುವ ಈ ಸಂಖ್ಯೆಯನ್ನು ಒಪ್ಪಿಗೆಯ ಸಹಿ ಹಾಕುವ ಮುನ್ನ ರೋಗಿಗೆ ತಿಳಿಸದೆ ಇರುವುದು ನ್ಯಾಯವಲ್ಲ.

ಇಲ್ಲಿ ನಮ್ಮ ನಾಡಿನ ಭೂಗೋಳವೂ ವೈದ್ಯಕೀಯ ನಿರ್ಣಯದ ಅಂಗವಾಗುತ್ತದೆ. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ದೊಡ್ಡ ಆಸ್ಪತ್ರೆಯ ಹತ್ತಿರ ವಾಸವಾಗಿರುವವನಿಗೆ ಏಳನೆಯ ದಿನದ ರಾತ್ರಿ ಬಾಯಲ್ಲಿ ರಕ್ತ ಕಂಡರೆ, ಅದು ಗಾಬರಿಯ ಸಂಗತಿಯಾದರೂ ನಿಭಾಯಿಸಬಹುದಾದುದು. ಮಲೆನಾಡಿನ ಒಂಟಿಮನೆಯಲ್ಲಿ, ಮಳೆಗಾಲದಲ್ಲಿ, ವಾಹನ ದೊರೆಯದ ಹೊತ್ತಿನಲ್ಲಿ ಅದೇ ರಕ್ತವು ಪ್ರಾಣಾಂತಿಕವಾಗಬಹುದು. ಹಾಗೆಂದು ದೂರದೂರಿನವರು ಶಸ್ತ್ರಕ್ರಿಯೆಯನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಶಸ್ತ್ರಕ್ರಿಯೆಯ ತರುವಾಯ ಎರಡು ವಾರ ಆಸ್ಪತ್ರೆಯುಳ್ಳ ಊರಿನ ಬಂಧುಗಳ ಮನೆಯಲ್ಲಿ ಉಳಿಯುವ ಏರ್ಪಾಡನ್ನು ದಿನಾಂಕ ಗೊತ್ತುಪಡಿಸುವ ಮುನ್ನವೇ ಮಾಡಿಕೊಳ್ಳಬೇಕೆನ್ನುತ್ತೇನೆ. ಆ ದಿನಗಳಲ್ಲಿ ಕೆಂಪು ರಕ್ತ ಕಂಡರೆ, ಅದು ತಾನಾಗಿಯೇ ನಿಂತರೂ ಸಹ, ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಸಣ್ಣ ಸ್ರಾವವು ದೊಡ್ಡದರ ಮುನ್ಸೂಚನೆಯಾಗಬಲ್ಲದು.

ನಮ್ಮ ನಾಡಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. ಇಲ್ಲಿ ಗಂಟಲುನೋವು ಬಂದರೆ ಅನೇಕರು ವೈದ್ಯರ ಬಳಿಗೆ ಹೋಗುವುದೇ ಇಲ್ಲ. ಔಷಧಿಯ ಅಂಗಡಿಯಿಂದ ಆಂಟಿಬಯೋಟಿಕ್‌ನ ನಾಲ್ಕು ಗುಳಿಗೆ ತಂದು ನುಂಗಿ, ನೋವು ಇಳಿದೊಡನೆ ನಿಲ್ಲಿಸಿಬಿಡುತ್ತಾರೆ. ಇದರಿಂದ ಎರಡು ಹಾನಿಗಳಿವೆ. ಯಾವ ದಾಳಿ ವೈರಸ್ಸಿನದು, ಯಾವುದು ಬ್ಯಾಕ್ಟೀರಿಯದ್ದು ಎಂಬ ದಾಖಲೆಯೇ ಹುಟ್ಟುವುದಿಲ್ಲವಾಗಿ, ಶಸ್ತ್ರಕ್ರಿಯೆಯ ಪ್ರಶ್ನೆ ಬಂದಾಗ ಹೇಳಲು ಬರಿಯ ನೆನಪು ಉಳಿಯುತ್ತದೆ. ಮತ್ತೊಂದು ಇನ್ನೂ ಗಂಭೀರವಾದುದು: ಅರೆಬರೆ ಚಿಕಿತ್ಸೆಗೊಂಡ ಸ್ಟ್ರೆಪ್ಟೊಕಾಕಸ್ ಸೋಂಕು, ವಿಶೇಷವಾಗಿ ಎಳೆಯ ಪ್ರಾಯದವರಲ್ಲಿ, ರುಮ್ಯಾಟಿಕ್ ಜ್ವರಕ್ಕೆ ಎಡೆಮಾಡಿ ಹೃದಯದ ಕವಾಟಗಳನ್ನು ಶಾಶ್ವತವಾಗಿ ಕೆಡಿಸಬಹುದು. ಶ್ರೀಮಂತ ದೇಶಗಳಲ್ಲಿ ಅಪರೂಪವಾಗಿರುವ ಆ ವ್ಯಾಧಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಆದರೆ ಅದನ್ನು ತಡೆಯಲೆಂದು ಟಾನ್ಸಿಲ್ ತೆಗೆಸುವುದು ಸರಿಯಾದ ಮಾರ್ಗವಲ್ಲ. ಒಮ್ಮೆ ಆ ಜ್ವರ ಬಂದವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದೇ ರಕ್ಷಣೆ, ಮತ್ತು ಟಾನ್ಸಿಲ್ ಹೋಯಿತೆಂದು ಆ ಚುಚ್ಚುಮದ್ದನ್ನು ನಿಲ್ಲಿಸಲಾಗದು.

ಇವೆಲ್ಲವನ್ನೂ ತೂಗಿ ನೋಡಿದಾಗ ನನ್ನ ಅಭಿಪ್ರಾಯವು ಹೀಗಿದೆ. ಏಳು, ಐದು, ಮೂರು ಎಂಬ ಸಂಖ್ಯೆಗಳು ಬಾಗಿಲನ್ನು ತೆರೆಯಬಲ್ಲವೇ ಹೊರತು ಒಳಗೆ ನೂಕಲಾರವು. ಅವನ್ನು ಮುಟ್ಟಿದ ವ್ಯಕ್ತಿಗೆ ಶಸ್ತ್ರಕ್ರಿಯೆಯನ್ನು ಕೇಳುವ ಅಧಿಕಾರವುಂಟು, ಮಾಡಿಸಿಕೊಳ್ಳಲೇಬೇಕೆಂಬ ವಿಧಿಯಿಲ್ಲ. ಕಳೆದ ಆರು ತಿಂಗಳಲ್ಲಿ ದಾಳಿಗಳು ವಿರಳವಾಗುತ್ತಿದ್ದರೆ ಕಾದು ನೋಡುವುದು ಮೇಲು; ಪದೇ ಪದೇ ರಜೆ ಹಾಕಿದರೆ ಸಂಬಳ ಕಳೆದುಕೊಳ್ಳುವ ಕಾರ್ಮಿಕನಿಗೆ, ಪರೀಕ್ಷೆಗಳ ವರ್ಷದಲ್ಲಿ ತಿಂಗಳಿಗೊಮ್ಮೆ ಹಾಸಿಗೆ ಹಿಡಿಯುವ ವಿದ್ಯಾರ್ಥಿನಿಗೆ, ಎರಡು ವಾರಗಳ ನೋವನ್ನು ಒಂದೇ ಸಲ ತಾಳಿಬಿಡುವುದು ಹೆಚ್ಚು ಹಿತವೆನಿಸಬಹುದು. ಕಂಠವೇ ಜೀವನೋಪಾಯವಾದ ಗಾಯಕರು, ಉಪಾಧ್ಯಾಯರು ಶಸ್ತ್ರಕ್ರಿಯೆಯ ಬಳಿಕ ಸ್ವರದಲ್ಲಿ ಆಗಬಹುದಾದ ಬದಲಾವಣೆಯ ವಿಚಾರವನ್ನು ತಮ್ಮ ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಒಂದೇ ಬಗೆಯ ದಾಖಲೆಯುಳ್ಳ ಇಬ್ಬರು ಬೇರೆ ಬೇರೆ ನಿರ್ಧಾರಕ್ಕೆ ಬಂದರೆ ಅವರಲ್ಲಿ ಒಬ್ಬರು ತಪ್ಪಿದರೆಂದಲ್ಲ. ನ್ಯೂಯಾರ್ಕಿನ ಆ ಮಕ್ಕಳ ಪರವಾಗಿ ನಿರ್ಣಯಿಸಿದುದು ವೈದ್ಯರ ರೂಢಿ. ಪ್ರಾಯಸ್ಥನ ಪರವಾಗಿ ನಿರ್ಣಯಿಸತಕ್ಕವನು ಅವನೇ, ಅವನ ಕೈಯಲ್ಲಿ ಲೆಕ್ಕವಿರಬೇಕು. ಆದುದರಿಂದ ದಾಳಿ ಬಂದ ದಿನ, ಜ್ವರದ ಅಂಕಿ, ಕೆಲಸ ತಪ್ಪಿದ ದಿನಗಳು, ವೈದ್ಯರು ಕಂಡುದು, ಕೊಟ್ಟ ಔಷಧಿ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿರೆಂದು ಪದೇ ಪದೇ ಗಂಟಲುವ್ಯಾಧಿಗೆ ತುತ್ತಾಗುವ ಪ್ರತಿಯೊಬ್ಬರನ್ನೂ ಕೇಳಿಕೊಳ್ಳುತ್ತೇನೆ.

ಸಂಖ್ಯೆಗಳಿಗೆ ಕಾಯದ ಕೆಲವು ಸಂದರ್ಭಗಳೂ ಇವೆ. ಟಾನ್ಸಿಲ್‌ನ ಪಕ್ಕದಲ್ಲಿ ಕೀವು ತುಂಬಿ, ಬಾಯಿ ತೆರೆಯಲಾಗದೆ, ಮಾತು ಕಟ್ಟಿಹೋಗುವ ಕುರುವು ಒಮ್ಮೆ ಬಂದು ವಾಸಿಯಾದವರಲ್ಲಿ ಹೆಚ್ಚಿನವರಿಗೆ ಮತ್ತೆ ಬರುವುದಿಲ್ಲ. ಎರಡನೆಯ ಸಲವೂ ಬಂದರೆ, ಅಥವಾ ಹಿಂದಿನಿಂದಲೂ ಟಾನ್ಸಿಲ್‌ನ ದಾಳಿಗಳಿದ್ದರೆ, ತೆಗೆಸುವ ಯೋಚನೆ ಯುಕ್ತ. ಟಾನ್ಸಿಲ್‌ಗಳು ಬೆಳೆದು ನಿದ್ರೆಯಲ್ಲಿ ಉಸಿರು ಕಟ್ಟುವವರ ವಿಚಾರವೂ ಪ್ರತ್ಯೇಕವೇ. ಇವೆಲ್ಲಕ್ಕಿಂತ ಮುಖ್ಯವಾದುದು ಒಂದುಂಟು. ಪ್ರಾಯಸ್ಥರಲ್ಲಿ, ಅದರಲ್ಲಿಯೂ ತಂಬಾಕಿನ ಅಭ್ಯಾಸವುಳ್ಳವರಲ್ಲಿ, ಒಂದೇ ಪಕ್ಕದ ಟಾನ್ಸಿಲ್ ಹೊಸದಾಗಿ ದಪ್ಪವಾದರೆ, ಅದರ ಮೇಲೆ ವಾಸಿಯಾಗದ ಹುಣ್ಣು ಕಂಡರೆ, ಅಥವಾ ಅದೇ ಪಕ್ಕದ ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಮೂಡಿ ಉಳಿದುಕೊಂಡರೆ, ಅದು ಅರ್ಬುದವಲ್ಲವೆಂದು ಖಚಿತವಾಗುವವರೆಗೆ ಸಾಮಾನ್ಯ ಉರಿಯೂತವೆಂದು ಭಾವಿಸಕೂಡದು. ಅಂಥವರು ದಾಳಿಗಳನ್ನು ಎಣಿಸುತ್ತ ಕುಳಿತಿರದೆ, ಆ ವಾರವೇ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿಕೊಳ್ಳಬೇಕು.